ಅಕ್ರೋಟಿನ ಎಲೆಯಲ್ಲಿ ಏನಿದೆ?

ಹೆಚ್ಚಿಟ್ಟ ಸೇಬು ಸ್ವಲ್ಪ ಹೊತ್ತಿನಲ್ಲೇ ಕಂದು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಕಾರಣ ಉತ್ಕರ್ಷಣ ಕ್ರಿಯೆ. ನಮ್ಮ ಜೀವಕೋಶಗಳಲ್ಲೂ ಉತ್ಕರ್ಷಣ ನಡೆಯುತ್ತದೆ. ಆಗ ಹುಟ್ಟುವ ಫ್ರೀ ರ‍್ಯಾಡಿಕಲ್‌ಗಳು ನೆರೆಯ ಅಣುಗಳಿಂದ ಎಲೆಕ್ಟ್ರಾನ್ ಕಸಿದು ಹಾನಿ ಮಾಡುತ್ತವೆ. ತಾವೇ ಎಲೆಕ್ಟ್ರಾನ್ ಕೊಟ್ಟು ಅವನ್ನು ತಣಿಸುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು.

ಅಕ್ರೋಟು ಮರದ ಎಲೆಯಲ್ಲಿ ಇಂಥ ವಸ್ತುಗಳು ಧಾರಾಳವಾಗಿವೆ. ಯೂರೋಪಿನ ಮನೆಮದ್ದಿನಲ್ಲಿ ಈ ಎಲೆಯ ಕಷಾಯ ಹಳೆಯದು. 2007ರಲ್ಲಿ ಪ್ರಕಟವಾದ ಪೋರ್ಚುಗಲ್‌ನ ಅಧ್ಯಯನವೊಂದು ಲಾರಾ, ಫ್ರಾಂಕೆಟ್, ಮಯೆಟ್ ಸೇರಿದಂತೆ ಆರು ತಳಿಗಳ ಎಲೆಗಳನ್ನು ಹೋಲಿಸಿತು. ಎಲ್ಲದರಲ್ಲೂ ಸಿಕ್ಕಿದ್ದು ಅವೇ ಹತ್ತು ಫೀನಾಲಿಕ್ ಸಂಯುಕ್ತಗಳು. ಅವುಗಳಲ್ಲಿ ಕ್ವೆರ್ಸೆಟಿನ್ ಗುಂಪಿನದೊಂದು ಮುಖ್ಯ. ವ್ಯತ್ಯಾಸವಿದ್ದುದು ಪ್ರಮಾಣದಲ್ಲಿ. ಸಾರಿನ ಸಾಮಾನು ಒಂದೇ, ಅಳತೆ ಮಾತ್ರ ಮನೆಮನೆಗೂ ಬೇರೆ ಎಂಬಂತೆ!

ನಿರೋಧಕ ಶಕ್ತಿಯನ್ನು ಅಳೆಯುವ ಬಗೆ ಸ್ವಾರಸ್ಯಕರ. ಡಿಪಿಪಿಎಚ್ ಎಂಬ ರ‍್ಯಾಡಿಕಲ್‌ನ ದ್ರಾವಣ ಕಡು ನೇರಳೆ. ಎಲೆಯ ಸಾರ ಬೆರೆಸಿದರೆ ಅದು ಹಳದಿಗೆ ತಿರುಗುತ್ತದೆ. ಎಷ್ಟು ಕಡಿಮೆ ಸಾರಕ್ಕೆ ಬಣ್ಣ ಮಾಸುತ್ತದೋ ಅಷ್ಟು ಶಕ್ತಿ ಹೆಚ್ಚು. ತಳಿಯಲ್ಲದೆ ಎಲೆ ಕೊಯ್ದ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ತಳಿಗಳನ್ನು ಹೋಲಿಸುವಾಗ ಕೊಯ್ಲಿನ ಕಾಲ ಒಂದೇ ಇರಬೇಕು.

ಆದರೆ ಪ್ರನಾಳದಲ್ಲಿ ಗೆದ್ದದ್ದೆಲ್ಲ ದೇಹದಲ್ಲಿ ಗೆಲ್ಲುವುದಿಲ್ಲ. ನುಂಗಿದ ಸಂಯುಕ್ತದಲ್ಲಿ ರಕ್ತ ಸೇರುವುದು ಒಂದು ಪಾಲು ಮಾತ್ರ. ಅದನ್ನೂ ಕರುಳು, ಯಕೃತ್ತುಗಳು ಮಾರ್ಪಡಿಸುತ್ತವೆ. ಮೇಲಾಗಿ ಈ ಮರದಲ್ಲಿ ಬೇರೆ ಸಸಿಗಳ ಬೆಳವಣಿಗೆಯನ್ನೇ ತಡೆಯಬಲ್ಲ ಜುಗ್ಲೋನ್ ಕೂಡ ಇದೆ. ಪೊಟ್ಟಣದ ಮೇಲೆ 'ಆಂಟಿಆಕ್ಸಿಡೆಂಟ್' ಎಂದು ಕಂಡೊಡನೆ ಮಕ್ಕಳಿಗೆ ಕುಡಿಸುವ ಮುನ್ನ ತಂದೆತಾಯಿ ಕೇಳಬೇಕಾದದ್ದು ಇಷ್ಟು: ಯಾವ ವಸ್ತು, ಎಷ್ಟು ಪ್ರಮಾಣ, ಪರೀಕ್ಷಿಸಿದ್ದು ಪ್ರನಾಳದಲ್ಲೋ, ಮನುಷ್ಯರಲ್ಲೋ?