ತಾತನ ಲೆಕ್ಕದ ಪುಸ್ತಕ: ಕೊನೆಯ ದುಪ್ಪಟ್ಟು

ಮಕ್ಕಳೇ, ಈ ವಾರ ನಿಮಗೊಂದು ಲೆಕ್ಕ ಹೇಳುತ್ತೇನೆ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ಲೆಕ್ಕ ನಿಮಗೆ ಬೇಗ ತಿಳಿಯುತ್ತದೆ. ತಪ್ಪು ನಿಮ್ಮ ಅಜ್ಜ-ಅಜ್ಜಿಯರಿಗೆ ಬೇಗ ತಿಳಿಯುತ್ತದೆ.

ದಸರಾ ರಜೆಗೆ ಬಂದ ನೆಂಟರು ಹೊರಡುವಾಗ, ಹತ್ತನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳ ಕೈಗೆ ನೂರು, ಇನ್ನೂರು ಎಂದು ಇಟ್ಟು ಹೋದರು. ಎಣಿಸಿದರೆ 1,200 ರೂಪಾಯಿ.

“ತಾತ, ಇದನ್ನ ಏನ್ ಮಾಡ್ಲಿ?”

“ಇನ್ನೂರು ನಿನ್ನ ಇಷ್ಟಕ್ಕೆ ಖರ್ಚು ಮಾಡು. ಉಳಿದ ಸಾವಿರದ ಕಥೆ ಹೇಳ್ತೀನಿ, ಪೆನ್ಸಿಲ್ ತಗೊಂಡು ಬಾ” ಎಂದೆ.

ನಾವು ಬ್ಯಾಂಕಿನವರು ಬಾಯಲ್ಲೇ ಹಾಕುವ ಒಂದು ಲೆಕ್ಕವಿದೆ. 72ನ್ನು ಬಡ್ಡಿಯ ದರದಿಂದ ಭಾಗಿಸಿ. ಹಣ ದುಪ್ಪಟ್ಟಾಗಲು ಹೆಚ್ಚುಕಡಿಮೆ ಅಷ್ಟು ವರ್ಷ ಬೇಕು. ಬಡ್ಡಿ ಶೇಕಡಾ 8 ಆದರೆ 9 ವರ್ಷ, ಶೇಕಡಾ 6 ಆದರೆ 12 ವರ್ಷ. ಒಂದೇ ಷರತ್ತು: ಬಂದ ಬಡ್ಡಿಯನ್ನು ತೆಗೆಯದೆ ಅಸಲಿನ ಜೊತೆಗೇ ಬಿಡಬೇಕು. ಆಗ ಬಡ್ಡಿಗೂ ಬಡ್ಡಿ ಬರುತ್ತದೆ. ಇದೇ ನಿಮ್ಮ ಗಣಿತದ ಪುಸ್ತಕದ ಚಕ್ರಬಡ್ಡಿ.

ಲೆಕ್ಕ ಸುಲಭವಾಗಲಿ ಎಂದು ಶೇಕಡಾ 8 ಹಿಡಿದೆವು. ಮೊಮ್ಮಗಳು ಬರೆಯುತ್ತಾ ಹೋದಳು. 15ನೇ ವಯಸ್ಸಿಗೆ 1,000. 24ಕ್ಕೆ 2,000. 33ಕ್ಕೆ 4,000. 42ಕ್ಕೆ 8,000. 51ಕ್ಕೆ 16,000. 60ಕ್ಕೆ 32,000.

“ಮೊದಲನೇ ಒಂಬತ್ತು ವರ್ಷಕ್ಕೆ ಬರೀ ಸಾವಿರ ಬಂತು. ಕೊನೇ ಒಂಬತ್ತು ವರ್ಷಕ್ಕೆ ಹದಿನಾರು ಸಾವಿರ!” ಎಂದು ಕಣ್ಣರಳಿಸಿದಳು.

“ಇದೇ ಸಾವಿರವನ್ನ 24ನೇ ವಯಸ್ಸಿಗೆ ಇಟ್ಟಿದ್ರೆ?”

ಮತ್ತೆ ಬರೆದಳು. 60ಕ್ಕೆ 16,000. ಒಂಬತ್ತು ವರ್ಷ ತಡಮಾಡಿದವರಿಗೆ ತಪ್ಪಿಹೋಗುವುದು ಮೊದಲ ದುಪ್ಪಟ್ಟಿನ ಸಾವಿರವಲ್ಲ, ಕೊನೆಯ ದುಪ್ಪಟ್ಟಿನ ಹದಿನಾರು ಸಾವಿರ. ತಡಮಾಡುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆಗ ಅವಳು ಕೇಳಿದಳು: “ತಾತ, ನೀವು ಬ್ಯಾಂಕಲ್ಲೇ ಇದ್ರಲ್ಲ. ನಿಮಗೆ ಇದೆಲ್ಲ ಗೊತ್ತಿತ್ತು. ನೀವು ಯಾವಾಗ ಶುರು ಮಾಡಿದ್ರಿ?”

ನಾನು ಸುಮ್ಮನಾದೆ. 23ನೇ ವಯಸ್ಸಿಗೆ ಕೆಲಸಕ್ಕೆ ಸೇರಿದವನು ನಾನು. ದಿನವಿಡೀ ಬೇರೆಯವರ ಠೇವಣಿ ರಸೀದಿ ಬರೆಯುತ್ತಿದ್ದೆ. ನನ್ನದು ಮಾತ್ರ “ಮುಂದಿನ ತಿಂಗಳಿಂದ”. ಆ ಮುಂದಿನ ತಿಂಗಳು ಬರಲು ಹನ್ನೆರಡು ವರ್ಷ ಹಿಡಿಯಿತು.

ನಮ್ಮ ಶಾಖೆಗೆ ಹೂ ಮಾರುವ ಒಬ್ಬ ತಾಯಿ ಬರುತ್ತಿದ್ದರು. ಅವರು ಕಟ್ಟುತ್ತಿದ್ದುದು ಪಿಗ್ಮಿ, ದಿನಕ್ಕೆ ಎರಡು ರೂಪಾಯಿ. ಪಿಗ್ಮಿ ಎಂದರೆ ಏಜೆಂಟರು ಪ್ರತಿದಿನ ಅಂಗಡಿ, ಮನೆ ಬಾಗಿಲಿಗೇ ಬಂದು ಸಣ್ಣ ಮೊತ್ತ ಪಡೆದು ಖಾತೆಗೆ ಜಮಾ ಮಾಡುವ ಯೋಜನೆ. ಇದು ನಮ್ಮ ಕರಾವಳಿಯ ಕೊಡುಗೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಇದನ್ನು ಆರಂಭಿಸಿತು. ಆಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ರೂಪಾಯಿಗೆ ಹದಿನಾರಾಣೆ, 30 ದಿನಕ್ಕೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಆ ತಾಯಿ ಪಿಗ್ಮಿ ಮುಗಿದಾಗಲೆಲ್ಲ ಹಣವನ್ನು ನಿಶ್ಚಿತ ಠೇವಣಿಗೆ ಹಾಕಿಸುತ್ತಿದ್ದರು. ಬಡ್ಡಿ ತಗೋತೀರಾ ಎಂದರೆ “ಬ್ಯಾಡ ಸ್ವಾಮಿ, ಅಲ್ಲೇ ಇರ್ಲಿ” ಎನ್ನುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು. ಒಂದು ದಿನ ಬಂದು, ಮಾರುಕಟ್ಟೆಯಲ್ಲಿ ಮಳಿಗೆ ಹಿಡಿಯಲು ಮುಂಗಡ ಕೊಡಬೇಕೆಂದು ಎಲ್ಲವನ್ನೂ ತೆಗೆದರು. ಹತ್ತು ಸಾವಿರ ದಾಟಿತ್ತು. ಎಣಿಸಿ ಕೊಟ್ಟವನು ನಾನೇ. ಅದೇ ವಾರ ತಂಗಿಯ ಮದುವೆಗೆಂದು ನಾನು ಸಾಲದ ಅರ್ಜಿ ಬರೆದಿದ್ದೆ. ಕೌಂಟರಿನ ಈಚೆ ಬಿ.ಕಾಂ., ಆಚೆ ಹೆಬ್ಬೆಟ್ಟು. ಚಕ್ರಬಡ್ಡಿ ನನಗೆ ಪರೀಕ್ಷೆಗೆ ಬಂದಿತ್ತು, ಅವರ ಬದುಕಿಗೆ ಬಂದಿತ್ತು.

ಮಾರನೇ ತಿಂಗಳು ಪಿಪಿಎಫ್ ಖಾತೆ ತೆರೆದೆ. ಆಗ ನನಗೆ 35. ಇವತ್ತು ಯಾರ ಮುಂದೆಯೂ ಕೈಚಾಚದೆ ಔಷಧಿ ತರುವುದು ಅಲ್ಲಿಂದ ಮುಂದೆ ಕೂಡಿದ ಹಣದಿಂದಲೇ. ಆದರೆ ನನ್ನ ಕೊನೆಯ ದುಪ್ಪಟ್ಟು ಬರಲೇ ಇಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ನಗಲಿಲ್ಲ. “ಹಾಗಾದ್ರೆ ನಾಳೇನೇ ಹೋಗೋಣ” ಎಂದಳು.

ಹೋದೆವು. ಹಿರಿಯರೇ, ಒಂದು ವಿಷಯ ನೆನಪಿರಲಿ. ತಂದೆ-ತಾಯಿ ಇರುವಾಗ ಅಜ್ಜ-ಅಜ್ಜಿ ಮೊಮ್ಮಕ್ಕಳ ಹೆಸರಲ್ಲಿ ಪಿಪಿಎಫ್ ತೆರೆಯುವಂತಿಲ್ಲ. ಹಾಗಾಗಿ ಸೊಸೆಯೂ ಬಂದಳು. ಅರ್ಜಿಗೆ ಸಹಿ ಅವಳದು, ಚಲನ್ ತುಂಬಿದ್ದು ಮೊಮ್ಮಗಳು. ಇದರ ಅವಧಿ 15 ವರ್ಷ, ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಬೇಕು. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಅದು ಏರಬಹುದು, ಇಳಿಯಲೂಬಹುದು. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಐದು ವರ್ಷದ ಆರ್‌ಡಿ ಕೂಡ ಇದೆ. ಷೇರು, ಮ್ಯೂಚುವಲ್ ಫಂಡ್‌ನಲ್ಲಿ ಹೆಚ್ಚು ಬರಬಹುದು, ಕರಗಲೂಬಹುದು. ಬಹಳ ವರ್ಷ ಮುಟ್ಟದೆ ಬಿಡಬಲ್ಲ ಹಣಕ್ಕೆ ಮಾತ್ರ ಅದು ತಕ್ಕದ್ದು.

72ರ ಲೆಕ್ಕಕ್ಕೆ ಇನ್ನೂ ಎರಡು ಉಪಯೋಗಗಳಿವೆ. ಒಂದು, ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷದಲ್ಲಿ ದುಪ್ಪಟ್ಟಾಗುತ್ತದೆ. ಅಂದರೆ ಸಾಸಿವೆ ಡಬ್ಬಿಯಲ್ಲಿ ಇಟ್ಟ ನೂರು ರೂಪಾಯಿಗೆ ಆಗ ಇವತ್ತಿನ ಐವತ್ತು ರೂಪಾಯಿಯ ಸಾಮಾನಷ್ಟೇ ಬರುತ್ತದೆ. ಎರಡು, ಯಾರಾದರೂ “ಎರಡೇ ವರ್ಷದಲ್ಲಿ ದುಪ್ಪಟ್ಟು” ಎಂದರೆ 72ನ್ನು 2ರಿಂದ ಭಾಗಿಸಿ. ಶೇಕಡಾ 36! ಅಷ್ಟು ಎಲ್ಲಿಂದ ಬರುತ್ತದೆ ಎಂದು ಕೇಳಿ. ನನ್ನ ಗೆಳೆಯರೊಬ್ಬರು ಕೇಳಲಿಲ್ಲ. ನಿವೃತ್ತಿಯ ಹಣವೆಲ್ಲ ಹೋಯಿತು.

ಮನೆಯಲ್ಲಿ ಕಷ್ಟವಿದ್ದರೆ ಹತ್ತು ರೂಪಾಯಿಯೂ ದೊಡ್ಡದೇ. ಅಂಥ ಮಕ್ಕಳು ಬೇಸರ ಪಡಬೇಡಿ. ನಿಮ್ಮ ಹತ್ತಿರ ನನಗಿಲ್ಲದ ಒಂದು ಆಸ್ತಿ ಇದೆ, ವರ್ಷಗಳು. ಮೊದಲ ಸಂಬಳ ಬಂದ ದಿನ ಮೊದಲು ಉಳಿಸಿ, ಆಮೇಲೆ ಖರ್ಚು ಮಾಡಿ.

ಈ ವಾರದ ಲೆಕ್ಕ: 12 ವರ್ಷದ ಹುಡುಗ 500 ರೂಪಾಯಿಯನ್ನು ಶೇಕಡಾ 6ರ ಚಕ್ರಬಡ್ಡಿಗೆ ಇಟ್ಟ. 60 ತುಂಬುವಾಗ ಸುಮಾರು ಎಷ್ಟಾಗಿರುತ್ತದೆ? ಅವನು 24ನೇ ವಯಸ್ಸಿಗೆ ಇಟ್ಟಿದ್ದರೆ ಎಷ್ಟು ತಪ್ಪುತ್ತಿತ್ತು? ಅಜ್ಜ-ಅಜ್ಜಿಯ ಪಕ್ಕದಲ್ಲಿ ಕೂತು ಮಾಡಿ. ಅವರು ಯಾವಾಗ ಶುರು ಮಾಡಿದರು ಎಂದೂ ಕೇಳಿ. ಉತ್ತರ ಮುಂದಿನ ವಾರ.