ಓಟು ಗುಟ್ಟು, ಊರು ಬಯಲು

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಂಥ ಮಳೆ ನಂಬಿದ ಸೀಮೆಯಲ್ಲಿ ಮತವನ್ನು ನಿರ್ಧರಿಸುವುದು ಯಾವುದು? ಜಾತಿ ಎಂಬುದು ಹಲವರ ಸಿದ್ಧ ಉತ್ತರ. ಆದರೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1955ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ ಬರೆಯುತ್ತ ಬಳಸಿದ ‘ವೋಟ್ ಬ್ಯಾಂಕ್’ ಎಂಬ ಮಾತಿನಲ್ಲಿ ಮುಖ್ಯವಾಗಿ ಇದ್ದದ್ದು ಹಂಗು: ಊರ ಪ್ರಮುಖನ ಆಸರೆಯಲ್ಲಿ ಬದುಕುವವರು ಅವನು ಹೇಳಿದವರಿಗೆ ಮತ ಹಾಕುವುದು.

ಕೂಡ್ಲಿಗಿ ಕ್ಷೇತ್ರ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಭ್ಯರ್ಥಿಗಳೆಲ್ಲ ಅದೇ ಪಂಗಡದವರಾದಾಗ ಜಾತಿಯ ಲೆಕ್ಕವೊಂದೇ ಸಾಲದು. ಕೆರೆಗೆ ನೀರು, ಊರಿಗೆ ರಸ್ತೆ ಕೊಡಿಸುವವರು ಯಾರು ಎಂಬುದೂ ತೂಗುತ್ತದೆ.

ಹಂಗು ಮತ್ತೆ ನುಸುಳುವುದು ಇಲ್ಲಿಯೇ. ಒಬ್ಬೊಬ್ಬರ ಮತ ಗುಟ್ಟು. ಮತಗಟ್ಟೆಯ ಮೊತ್ತ ಬಯಲು. ಹಿಂದೆ ಹಲವು ಪೆಟ್ಟಿಗೆಗಳ ಮತಪತ್ರಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಈಗ ಯಂತ್ರಗಳನ್ನು ಒಂದೊಂದಾಗಿ ಎಣಿಸುವುದರಿಂದ ಯಾವ ಊರು ಯಾರ ಕಡೆ ಎಂಬುದು ಗೆದ್ದವರಿಗೂ ಸೋತವರಿಗೂ ತಿಳಿಯುತ್ತದೆ. ‘ನಮ್ಮೂರ ಕೆಲಸ ನಿಂತುಹೋದೀತು’ ಎಂಬ ಅಂಜಿಕೆಗೆ ಇದೇ ಮೂಲ.

14 ಯಂತ್ರಗಳ ಮತಗಳನ್ನು ಒಟ್ಟಿಗೆ ಕೂಡಿಸಿ ತೋರಿಸುವ ‘ಟೋಟಲೈಸರ್’ ಬಳಸಲು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ಬೆಂಬಲಿಸಿತು. ಅದು ಜಾರಿಗೆ ಬರಲಿಲ್ಲ.

ಮತ ಹಾಕಿ ಬಂದ ಅಪ್ಪ-ಅವ್ವನನ್ನು ‘ಯಾರಿಗೆ ಹಾಕಿದಿರಿ?’ ಎಂದು ಮಕ್ಕಳು ಕೇಳಬೇಕಿಲ್ಲ. ‘ಯಾರಿಗೂ ಅಂಜದೆ ಹಾಕಿದಿರಾ?’ ಎಂದು ಕೇಳಿದರೆ ಸಾಕು.