ಭಾಗ 5: ಮೊದಲು ವೋಲ್ಟೇಜ್ ಬರೆದಿಡಿ, ಲೆಕ್ಕ ಆಮೇಲೆ

ಬಿಕಾಂ ಓದೋರಿಗೆ ಡೇಟಾಲಾಗರ್ ಉಸಾಬರಿ ಯಾಕೆ ಅಂತ ಹೋದ ಪೋಸ್ಟ್‌ನಲ್ಲಿ ಕೇಳಿದ್ರಿ. ಯಾಕೆ ಅಂದ್ರೆ ಅದೂ ಒಂದು ಲೆಕ್ಕದ ಪುಸ್ತಕವೇ. ಅದನ್ನ ಪ್ರೋಗ್ರಾಂ ಮಾಡೋರು ನಮ್ಮ ಫಸ್ಟ್ ಸೆಮ್ ಪಾಠ ಮರೀತಾರೆ ಅನ್ನೋದು ನನ್ನ ದೂರು.

ನನ್ನ ಕಸಿನ್ ಎಂಟೆಕ್ ಪ್ರಾಜೆಕ್ಟ್‌ಗೆ ಟೆರೇಸ್ ಮೇಲೆ ಎರಡು ಸೆನ್ಸರ್ ಕೂರಿಸಿದ್ದ. ಒಂದು ಪೈರನೋಮೀಟರ್, ಬಿಸಿಲಿನ ಬಲ ಅಳೆಯೋದು. ಇನ್ನೊಂದು ಪೈರ್ಜಿಯೋಮೀಟರ್. ಗಾಳಿ, ಮೋಡ ಎಲ್ಲ ಹಗಲು ರಾತ್ರಿ ಕೆಳಕ್ಕೆ ಸೂಸುವ, ಕಣ್ಣಿಗೆ ಕಾಣದ ಶಾಖದ ವಿಕಿರಣವನ್ನ ಅಳೆಯುತ್ತೆ. ಮೂರು ವಾರ ಬಿಟ್ಟು ಫೈಲ್ ತೆಗೆದ್ರೆ ಎರಡನೆಯದರ ಕಾಲಂ ತುಂಬಾ ಸೊನ್ನೆ. ಪೂರ್ತಿ ಸೊನ್ನೆ!

ಆಗಿದ್ದೇನು ಕೇಳಿ. ಸೆನ್ಸರ್‌ಗೆ ವಾಟ್ ಗೊತ್ತಿಲ್ಲ, ಅದು ಕೊಡೋದು ಚೂರು ವೋಲ್ಟೇಜ್ ಮಾತ್ರ. ಚದರ ಮೀಟರ್‌ಗೆ ಒಂದು ವಾಟ್‌ಗೆ 10 ಮೈಕ್ರೋವೋಲ್ಟ್ ಕೊಡೋ ಪೈರನೋಮೀಟರ್ ಆದ್ರೆ, 1000 ವಾಟ್‌ನ ಸುಡುಬಿಸಿಲಿಗೆ ಬರೋದು 10 ಮಿಲಿವೋಲ್ಟ್. ಭಾಗಿಸಿದ್ರೆ ಮುಗೀತು. ಪೈರ್ಜಿಯೋಮೀಟರ್ ಅಷ್ಟು ಸಲೀಸಲ್ಲ. ಅದರ ಮೈಯೂ ಬೆಚ್ಚಗಿರುತ್ತೆ, ಅದೂ ಶಾಖ ಸೂಸುತ್ತೆ. ಹಾಗಾಗಿ ವೋಲ್ಟೇಜ್ ಹೇಳೋದು ಬಂದದ್ದು ಮತ್ತು ಹೋದದ್ದರ ವ್ಯತ್ಯಾಸ ಅಷ್ಟೇ. ಅದಕ್ಕೆ ಸೆನ್ಸರ್ ತಾನೇ ಸೂಸಿದ್ದನ್ನ ಕೂಡಿಸಬೇಕು: ಮೈಯ ತಾಪಮಾನ ಕೆಲ್ವಿನ್‌ನಲ್ಲಿ, ಅದರ ನಾಲ್ಕನೇ ಘಾತ, ಗುಣಿಸು ಸ್ಟೀಫನ್-ಬೋಲ್ಟ್ಸ್‌ಮನ್ ಸ್ಥಿರಾಂಕ. 25 ಡಿಗ್ರಿಗೆ ಇದು ಸುಮಾರು 448 ವಾಟ್. ತಿಳಿ ರಾತ್ರೀಲಿ ವ್ಯತ್ಯಾಸ ಮೈನಸ್ 80 ಬಂದ್ರೆ, ಆಕಾಶದಿಂದ ಇಳಿದದ್ದು 368.

ನಮ್ಮ ಹುಡುಗ 273.15 ಕೂಡಿಸೋದು ಮರೆತು 25 ಅನ್ನೇ ಸೂತ್ರಕ್ಕೆ ಹಾಕಿದ್ದ. 448 ಬರಬೇಕಾದ ಕಡೆ 0.02 ಬಂತು. ಉತ್ತರ ಮೈನಸ್ 80ರಲ್ಲೇ ನಿಂತುಬಿಡ್ತು. ಅದರ ಮೇಲೆ ಹಳೇ ಪ್ರೋಗ್ರಾಂನಿಂದ ಕಾಪಿ ಹೊಡೆದ ಒಂದು ಸಾಲು: ಮೈನಸ್ ಬಂದ್ರೆ ಸೊನ್ನೆ ಮಾಡು.

ಮಿಲಿವೋಲ್ಟ್ ಮತ್ತು ಮೈಯ ತಾಪಮಾನ ಸೇವ್ ಆಗಿದ್ದಿದ್ರೆ ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ. ಸೇವ್ ಆಗಿರಲಿಲ್ಲ.

ನೀವೇ ಹೇಳಿ, ಓಚರ್ ಹರಿದುಹಾಕಿ ಬ್ಯಾಲೆನ್ಸ್ ಶೀಟ್ ಒಂದನ್ನೇ ಇಟ್ಟುಕೊಂಡ ಅಂಗಡಿಯನ್ನ ಯಾವ ಆಡಿಟರ್ ಒಪ್ತಾರೆ?

ಆ 'ಮೈನಸ್ ಅಂದ್ರೆ ಸೊನ್ನೆ' ಸಾಲಿನ ಮೇಲಂತೂ ನಂಗೆ ಸಿಟ್ಟು. ಪೈರನೋಮೀಟರ್ ರಾತ್ರಿ ಹೊತ್ತು ಮೈನಸ್ 2, 3 ತೋರಿಸೋದು ಮಾಮೂಲು. ಆಕಾಶಕ್ಕೆ ಮುಖ ಮಾಡಿದ ಗಾಜಿನ ಗುಮ್ಮಟ ತಣ್ಣಗಾಗಿ ಹಾಗಾಗುತ್ತೆ. ಒಂದಿನ ಅದು ಇದ್ದಕ್ಕಿದ್ದಂತೆ ಮೈನಸ್ 20 ಆದ್ರೆ ವೈರೋ ಇನ್ನೇನೋ ಕೆಟ್ಟಿದೆ ಅಂತ ಅನುಮಾನ ಬರಬೇಕು. ಸೊನ್ನೆ ಮಾಡಿಟ್ರೆ ಎಲ್ಲಿಂದ ಬರುತ್ತೆ?

ಮೆಮೊರಿ ಸಾಲಲ್ಲ ಅಂತಾರೆ ಸೀನಿಯರ್ಸ್. ಲೆಕ್ಕ ಹಾಕೋಣ. ಸೆಕೆಂಡಿಗೊಮ್ಮೆ ಅಳೆದು ನಿಮಿಷಕ್ಕೊಂದು ಸರಾಸರಿ ಸೇವ್ ಮಾಡಿದ್ರೆ ದಿನಕ್ಕೆ 1440 ಸಾಲು. ಹತ್ತು ಕಾಲಂ, ಒಂದೊಂದಕ್ಕೆ 4 ಬೈಟ್. ಇಡೀ ವರ್ಷಕ್ಕೆ ಸುಮಾರು 21 ಎಂಬಿ. ಇದಕ್ಕಿಂತ ದೊಡ್ಡ ವಿಡಿಯೋನ ನೀವು ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಡಿಲೀಟ್ ಮಾಡಿರ್ತೀರ.

ಇದು ಪ್ರಾಜೆಕ್ಟ್ ಮಾರ್ಕ್ಸ್ ವಿಷಯ ಮಾತ್ರ ಅಂದ್ಕೋಬೇಡಿ. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆಯಲ್ಲ, ರೈತರ ಜಮೀನು ಗುತ್ತಿಗೆಗೆ ತಗೊಂಡು ಕಟ್ಟಿದ್ದು. ಅಂಥ ಸ್ಥಾವರ ಚೆನ್ನಾಗಿ ಕೆಲಸ ಮಾಡ್ತಿದೆಯಾ ಅಂತ ನೋಡೋದು ಬಂದ ಕರೆಂಟನ್ನ ಬಿದ್ದ ಬಿಸಿಲಿಗೆ ಹೋಲಿಸಿ. ಬಿಸಿಲಿನ ಅಂಕಿ ಬರೋದು ಲಾಗರ್‌ನಿಂದ. ಸೆನ್ಸರ್‌ನ ನಿಜವಾದ ಸಂಖ್ಯೆ 10 ಇದ್ದು, ಪ್ರೋಗ್ರಾಂನಲ್ಲಿ 9.8 ಟೈಪ್ ಆಗಿದ್ರೆ ಬಿಸಿಲು ಶೇ. 2ರಷ್ಟು ಜಾಸ್ತಿ ಕಾಣುತ್ತೆ, ಸ್ಥಾವರ ಅಷ್ಟೇ ಸೋಮಾರಿಯಾಗಿ ಕಾಣುತ್ತೆ. ಸೆನ್ಸರ್ ಮೇಲೆ ಧೂಳು ಕೂತಿದ್ರೆ ಉಲ್ಟಾ: ಬಿಸಿಲು ಕಡಿಮೆ, ಸ್ಥಾವರ ಸೂಪರ್. ಎರಡೂ ಕಡೆ ಯಾರದೋ ದುಡ್ಡು ಇರುತ್ತೆ.

ಅದಕ್ಕೇ ನಾನು ಹೇಳೋದು, ವಾಟ್ ಬೇಕಾದ್ರೆ ಇರಲಿ, ಪಕ್ಕದಲ್ಲೇ ಮಿಲಿವೋಲ್ಟ್ ಇರಲಿ, ಮೈಯ ತಾಪಮಾನ ಇರಲಿ. ಸೆನ್ಸರ್ ಬದಲಾದ ದಿನ, ಅದರ ಸೀರಿಯಲ್ ನಂಬರ್, ಹೊಸ ಸಂಖ್ಯೆ ಒಂದು ನೋಟ್‌ಬುಕ್ಕಲ್ಲಾದ್ರೂ ಇರಲಿ.

ಕಸಿನ್ ಮತ್ತೆ ಶುರು ಮಾಡಿದಾನೆ. ಈ ಸಲ ಫೈಲ್‌ನಲ್ಲಿ ಒಂಬತ್ತು ಕಾಲಂ. ಆದ್ರೆ ಅವನಿಗೆ ಬೇಕಿದ್ದದ್ದು ಮೋಡ ಇಲ್ಲದ ರಾತ್ರಿಗಳು, ಈಗ ಮಳೆಗಾಲ.